ಎಡಿನ್‌ಬರ್ಗ್‌ನಲ್ಲಿ ಓದುತ್ತಿದ್ದೇನೆ, ಒಂದು ಶನಿವಾರ ಪೂರ್ತಿ ಬಿಡುವು ಸಿಕ್ಕಿದೆ. ಒಬ್ಬಳೇ ಊರು ನೋಡೋದು ಹೇಗೆ?

ಬಂದು ಒಂದು ತಿಂಗಳಾದರೂ ರೂಮು, ಲೈಬ್ರರಿ ಬಿಟ್ಟು ಏನೂ ನೋಡಿಲ್ಲ, ಜೊತೆಗೆ ಯಾರೂ ಇಲ್ಲ, ದುಡ್ಡೂ ಜಾಸ್ತಿ ಇಲ್ಲ ಅಂತ ಬರೆದಿದ್ದೀರಿ. ನಾನು ಅಲ್ಲಿ ಒಂದು ವರ್ಷ ಜೆನೆಟಿಕ್ಸ್ ಎಂ.ಎಸ್ಸಿ. ಓದಿದೆ. ಮೊದಲ ಐದು ವಾರ ನನ್ನದೂ ಇದೇ ಕತೆ. ಅಕ್ಟೋಬರ್‌ನ ಒಂದು ಶುಕ್ರವಾರ ದೊಡ್ಡ ಅಸೈನ್‌ಮೆಂಟ್ ಮುಗಿಸಿ ಕೊಟ್ಟೆ. ಮರುದಿನ ಎದ್ದಾಗ ಮಾಡುವ ಕೆಲಸ ಏನೂ ಇರಲಿಲ್ಲ. ಖುಷಿಯಾಗಬೇಕಿತ್ತು, ಆದರೆ ಸುಮ್ನೆ ಕೂತರೆ ಏನೋ ತಪ್ಪು ಮಾಡುತ್ತಿದ್ದೇನೆ ಅನಿಸಿತು. ಮನೆಯವರು ಸಾಲ ಮಾಡಿ ಕಳಿಸಿದಾಗ ರಜೆಯೂ ಭಾರವಾಗುತ್ತದೆ ಅಲ್ವಾ? ಆ ಭಾರ ಇಳಿದಿದ್ದು ಆ ದಿನ ನಡೆದು ನಡೆದು ಕಾಲು ಸೋತ ಮೇಲೆ. ಅದಕ್ಕೇ ಆ ದಿನವನ್ನೇ ನಿಮಗೆ ಹೇಳುತ್ತೇನೆ.

ನೋಡಬೇಕಾದ ಹತ್ತು ಜಾಗಗಳ ಪಟ್ಟಿ ಹಿಡಿದು ಹೊರಡಬೇಡಿ. ಮೊದಲು ಆರ್ಥರ್ಸ್ ಸೀಟ್ ಹತ್ತಿ. ಊರಿನ ಮಧ್ಯದಲ್ಲೇ ನಿಂತಿರುವ 251 ಮೀಟರ್ ಎತ್ತರದ ಗುಡ್ಡ ಅದು. ಸುಮಾರು 34 ಕೋಟಿ ವರ್ಷಗಳ ಹಿಂದೆ ಅದು ಜ್ವಾಲಾಮುಖಿಯಾಗಿತ್ತು, ಈಗ ತಣ್ಣಗಿದೆ. ನಾನು ಸೇಂಟ್ ಮಾರ್ಗರೆಟ್ಸ್ ಲಾಕ್ ಅನ್ನೋ ಕೊಳದ ಕಡೆಯಿಂದ, ಪಾಳುಬಿದ್ದ ಸೇಂಟ್ ಆಂಥನಿ ಚಾಪೆಲ್ ಪಕ್ಕದ ದಾರಿಯಲ್ಲಿ ಹತ್ತಿದೆ. ಕಷ್ಟದ ಏರು ಅಲ್ಲ, ಆದರೆ ಗಾಳಿ ಇದೆಯಲ್ಲ, ಅದು ಮನುಷ್ಯರನ್ನು ತಳ್ಳುತ್ತದೆ. ತುದಿಯ ಬಂಡೆ ಎಷ್ಟೋ ಜನರ ಕಾಲು ತಾಗಿ ಸವೆದು ನುಣ್ಣಗಾಗಿದೆ. ಹಿಡಿತ ಇರುವ ಶೂ ಹಾಕಿಕೊಳ್ಳಿ.

ಮೇಲೆ ನಿಂತಾಗ ಈ ಊರು ಯಾಕೆ ಹೀಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಪಶ್ಚಿಮಕ್ಕೆ ಕರಿ ಬಂಡೆಯ ಮೇಲೆ ಕೋಟೆ. ಅದರಿಂದ ನಿಮ್ಮ ಕಡೆಗೆ ಇಳಿಯುತ್ತಾ ಬರುವ ಉದ್ದನೆಯ ದಿಬ್ಬ. ಹಿಮಯುಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿದ ಹಿಮನದಿಗೆ ಆ ಗಟ್ಟಿ ಬಂಡೆ ಅಡ್ಡ ನಿಂತಿತು. ಬಂಡೆಯ ಮರೆಯಲ್ಲಿದ್ದ ಮೆದು ನೆಲ ಕೊಚ್ಚಿಹೋಗದೆ ಬಾಲದ ಹಾಗೆ ಉಳಿಯಿತು. ಆ ಬಾಲದ ಬೆನ್ನ ಮೇಲೆ ಕಟ್ಟಿದ ಬೀದಿಯೇ ರಾಯಲ್ ಮೈಲ್. ಎರಡೂ ಪಕ್ಕದಲ್ಲಿ ಹಿಮ ಕೊರೆದ ತಗ್ಗು. ಉತ್ತರದ ತಗ್ಗಿನಲ್ಲಿ ಮೊದಲು ನಾರ್ ಲಾಕ್ ಅನ್ನೋ ಕೆರೆ ಇತ್ತು. ಅದನ್ನು ಬತ್ತಿಸಿದರು. ಈಗ ಅಲ್ಲಿ ಪ್ರಿನ್ಸಸ್ ಸ್ಟ್ರೀಟ್ ತೋಟವೂ ವೇವರ್ಲಿ ಸ್ಟೇಷನ್ನೂ ಇವೆ. ಅದರ ಆಚೆಗೆ 1767ರಲ್ಲಿ ಜೇಮ್ಸ್ ಕ್ರೇಗ್ ನಕ್ಷೆ ಹಾಕಿದ ನ್ಯೂ ಟೌನ್, ಗೆರೆ ಎಳೆದ ಹಾಗೆ ನೇರ ಬೀದಿಗಳು. ಇನ್ನೂ ಆಚೆಗೆ ಸಮುದ್ರದ ಚಾಚು, ಫರ್ತ್ ಆಫ್ ಫೋರ್ತ್. ಐದು ವಾರ ಸಮುದ್ರ ಅಷ್ಟು ಹತ್ತಿರದಲ್ಲೇ ಇತ್ತು, ನನಗೆ ಗೊತ್ತೇ ಇರಲಿಲ್ಲ!

ಗುಡ್ಡದ ಪಕ್ಕದಲ್ಲೇ ಸಾಲಿಸ್‌ಬರಿ ಕ್ರ್ಯಾಗ್ಸ್ ಅನ್ನೋ ಕಡಿದಾದ ಬಂಡೆಗೋಡೆ ಕಾಣುತ್ತದೆ. ಎಡಿನ್‌ಬರ್ಗ್‌ನವರೇ ಆದ ಭೂವಿಜ್ಞಾನಿ ಜೇಮ್ಸ್ ಹಟ್ಟನ್ 18ನೇ ಶತಮಾನದಲ್ಲಿ ಇಲ್ಲಿನ ಕಲ್ಲುಗಳನ್ನು ಗಮನಿಸಿ ನೋಡಿದರು. ಹಳೆಯ ಪದರಗಲ್ಲಿನ ನಡುವೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾಗಿದೆ ಅಂತ ಕಂಡುಕೊಂಡರು. ಭೂಮಿಯ ವಯಸ್ಸು ಜನ ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಅನ್ನೋ ಅವರ ವಾದಕ್ಕೆ ಇಂಥ ಕಲ್ಲುಗಳೇ ಸಾಕ್ಷಿ. ಅಷ್ಟು ದೊಡ್ಡ ವಿಚಾರ ಯಾರೋ ಮನೆ ಹತ್ತಿರದ ಗುಡ್ಡ ನೋಡುತ್ತಾ ಯೋಚಿಸಿದ್ದು ಅಂತ ನೆನೆದು ನನಗೆ ಮೈ ಜುಮ್ ಅಂದಿತು.

ಇಳಿದು ಕೌಗೇಟ್ ಬೀದಿಯಲ್ಲಿ ನ್ಯಾಷನಲ್ ಮ್ಯೂಸಿಯಂ ಕಡೆ ಹೊರಟೆ. ಅಲ್ಲಿ ದಾರಿ ತಪ್ಪಿತು. ಫೋನಿನ ಮ್ಯಾಪ್ ಸೌತ್ ಬ್ರಿಡ್ಜ್ ರಸ್ತೆಗೆ ಎಡಕ್ಕೆ ತಿರುಗು ಅನ್ನುತ್ತಿತ್ತು. ನೀಲಿ ಚುಕ್ಕಿ ಎರಡು ರಸ್ತೆ ಕೂಡುವ ಜಾಗದಲ್ಲೇ ಇತ್ತು. ಆದರೆ ತಿರುಗಲು ರಸ್ತೆಯೇ ಇಲ್ಲ. ಅದು ನನ್ನ ತಲೆಯ ಮೇಲೆ ಹೋಗುತ್ತಿತ್ತು! ಆ ಸೇತುವೆಗೆ 19 ಕಮಾನುಗಳಿವೆ. ಅಕ್ಕಪಕ್ಕ ಕಟ್ಟಡಗಳು ಒತ್ತಿ ನಿಂತಿರುವುದರಿಂದ ಹೊರಗೆ ಕಾಣುವುದು ಕೌಗೇಟ್ ಮೇಲಿನ ಈ ಒಂದೇ ಕಮಾನು. ಮೇಲೆ ನಡೆಯುವವರಿಗೆ ತಾವು ಸೇತುವೆ ಮೇಲಿದ್ದೇವೆ ಅನ್ನೋದೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಮ್ಯಾಪ್ ತಿರುಗಿಸುತ್ತಾ ನಿಂತಿದ್ದಾಗ ಢಂ ಅಂತ ಸದ್ದು. ಬೆಚ್ಚಿಬಿದ್ದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಮುಖ ನೋಡಿ ವಾಚ್ ತೋರಿಸಿ, ಒಂದು ಗಂಟೆ ಅಂದರು. ಕೋಟೆಯಿಂದ ಭಾನುವಾರ ಬಿಟ್ಟು ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಒಂದಕ್ಕೆ ತೋಪು ಹಾರಿಸುತ್ತಾರೆ, 1861ರಿಂದ. ಹಡಗಿನವರು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ ಅದಕ್ಕೂ ಮೊದಲು ಕಾಲ್ಟನ್ ಹಿಲ್ ಮೇಲಿನ ಗೋಪುರದಲ್ಲಿ ಒಂದು ದೊಡ್ಡ ಚೆಂಡು ಬೀಳಿಸುತ್ತಿದ್ದರು. ಮಂಜು ಕವಿದರೆ ಚೆಂಡು ಕಾಣುವುದಿಲ್ಲ, ಅದಕ್ಕೆ ತೋಪು ಬಂತು. ಇಷ್ಟನ್ನೂ ಅವರು ನಿಂತು ಹೇಳಿದರು. ಆಮೇಲೆ ಸ್ವಲ್ಪ ಮುಂದೆ ಗತ್ರಿ ಸ್ಟ್ರೀಟ್‌ನಲ್ಲಿ ಎಡಕ್ಕೆ ಏರಿದರೆ ಮ್ಯೂಸಿಯಂ ಇರುವ ಚೇಂಬರ್ಸ್ ಸ್ಟ್ರೀಟ್ ಸಿಗುತ್ತದೆ ಅಂದರು. ಐದು ವಾರದಲ್ಲಿ ಕ್ಲಾಸಿನ ಹೊರಗೆ ಯಾರೋ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಬೆಳಿಗ್ಗೆ ಗುಡ್ಡದ ಮೇಲಿಂದ ಕಂಡ ತಗ್ಗು ಇದೇ ಅಂತ ಆಗ ಹೊಳೆಯಿತು. ದಿಬ್ಬಗಳ ಮಧ್ಯೆ ತಗ್ಗು, ತಗ್ಗಿನ ಮೇಲೆ ಸೇತುವೆ. ಆಮೇಲೆ ನನಗೆ ಅಲ್ಲಿ ದಾರಿ ತಪ್ಪಿದ ನೆನಪಿಲ್ಲ.

ನ್ಯಾಷನಲ್ ಮ್ಯೂಸಿಯಂ ಆಫ್ ಸ್ಕಾಟ್ಲೆಂಡ್‌ಗೆ ಪ್ರವೇಶ ಉಚಿತ. ಎಲ್ಲ ನೋಡಲು ಹೋಗಬೇಡಿ, ಮೂರು ದಿನ ಸಾಲುವುದಿಲ್ಲ. ನಾನು ಹೋಗಿದ್ದು ಡಾಲಿಯನ್ನು ನೋಡಲು. ವಯಸ್ಕ ಜೀವಿಯ ಜೀವಕೋಶದಿಂದ ತದ್ರೂಪಾಗಿ ಹುಟ್ಟಿಸಿದ ಮೊದಲ ಸಸ್ತನಿ ಆ ಕುರಿ. 1996ರಲ್ಲಿ ಎಡಿನ್‌ಬರ್ಗ್ ಹತ್ತಿರದ ರೋಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುಟ್ಟಿತು, 2003ರಲ್ಲಿ ಸತ್ತಿತು. ಪುಸ್ತಕದಲ್ಲಿ ಡಾಲಿ ಅಂದರೆ ಒಂದು ಚಿತ್ರ, ನಾಲ್ಕು ಬಾಣದ ಗುರುತು, ಅಷ್ಟೇ. ಇಲ್ಲಿ ನಿಜವಾದ ಉಣ್ಣೆ, ನಿಜವಾದ ಮೂತಿ. ಅದರ ಮುಂದೆ ನಲವತ್ತು ನಿಮಿಷ ನಿಂತಿದ್ದೆ. ಯಾಕೆ ಈ ವಿಷಯ ಓದಲು ಇಷ್ಟು ದೂರ ಬಂದೆ ಅನ್ನೋದು ಅಲ್ಲಿ ಮತ್ತೆ ನೆನಪಾಯಿತು. ಜೊತೆಗೆ ಯಾರಾದರೂ ಇದ್ದಿದ್ದರೆ ಐದು ನಿಮಿಷಕ್ಕೆ ಹೊರಡಬೇಕಾಗುತ್ತಿತ್ತು. ಒಬ್ಬರೇ ಹೋಗಲು ಹಿಂಜರಿಯಬೇಡಿ ಅಂತ ಹೇಳುವುದು ಇದಕ್ಕೇ. ನಿಮ್ಮ ವಿಷಯ ಬೇರೆಯಾಗಿದ್ದರೆ ನಿಮ್ಮ ಡಾಲಿಯನ್ನು ನೀವು ಹುಡುಕಿಕೊಳ್ಳಿ. ಆ ಮ್ಯೂಸಿಯಂನಲ್ಲಿ ಖಂಡಿತ ಒಂದು ಸಿಗುತ್ತದೆ.

ಕೋಟೆಯ ಒಳಗೆ ನಾನು ಅವತ್ತು ಹೋಗಲಿಲ್ಲ. ಟಿಕೆಟ್ ದುಬಾರಿ, ಶನಿವಾರ ಜನವೂ ಜಾಸ್ತಿ. ಮನೆಯಿಂದ ಯಾರಾದರೂ ಬಂದಾಗ ಅವರ ಜೊತೆ ಹೋಗಿ. ರಾಯಲ್ ಮೈಲ್‌ನಲ್ಲೂ ಅಂಗಡಿಗಳ ಮುಂದೆ ತುಂಬಾ ಹೊತ್ತು ಕಳೆಯಬೇಡಿ. ಅಕ್ಕಪಕ್ಕದ ಸಂದಿಗಳಿಗೆ ನುಗ್ಗಿ. ಅವನ್ನು ಕ್ಲೋಸ್ ಅನ್ನುತ್ತಾರೆ. ಫ್ಲೆಶ್‌ಮಾರ್ಕೆಟ್ ಕ್ಲೋಸ್ ಅಂದರೆ ಹಿಂದೆ ಮಾಂಸದ ಮಾರುಕಟ್ಟೆಗೆ ಇಳಿಯುತ್ತಿದ್ದ ದಾರಿ. ನಾನು ಅಡ್ವೊಕೇಟ್ಸ್ ಕ್ಲೋಸ್‌ನಲ್ಲಿ ಇಳಿದೆ. ಎರಡು ಗೋಡೆಗಳ ನಡುವಿನ ಸಣ್ಣ ಸೀಳಿನಲ್ಲಿ ದೂರದಲ್ಲಿ ಲೇಖಕ ವಾಲ್ಟರ್ ಸ್ಕಾಟ್ ಅವರ ಸ್ಮಾರಕ ಕಾಣುತ್ತದೆ. ಮೆಟ್ಟಿಲ ಮೇಲೆ ನಿಂತು ನೋಡಿ.

ಅಲ್ಲಿಂದ ವೇವರ್ಲಿ ದಾಟಿದರೆ ಬಾಲ್ಮೊರಲ್ ಹೋಟೆಲಿನ ಗಡಿಯಾರ ಗೋಪುರ. ಜನ ರೈಲು ತಪ್ಪಿಸಿಕೊಳ್ಳದಿರಲಿ ಅಂತ ಅದನ್ನು ಮೂರು ನಿಮಿಷ ಮುಂದೆ ಇಟ್ಟಿರುತ್ತಾರೆ. ಅಲ್ಲಿಂದ ಸ್ವಲ್ಪವೇ ನಡೆದರೆ ಕಾಲ್ಟನ್ ಹಿಲ್. ಮೇಲೆ ಗ್ರೀಕ್ ದೇವಾಲಯದಂಥ 12 ಕಂಬಗಳಿವೆ. 1826ರಲ್ಲಿ ಶುರುವಾದ ಸ್ಮಾರಕ, ದುಡ್ಡು ಸಾಲದೆ 1829ರಲ್ಲಿ ನಿಂತಿತು. ಅರ್ಧಕ್ಕೇ ನಿಂತಿದ್ದರೂ ನನಗೆ ತುಂಬಾ ಇಷ್ಟ. ಆರು ಗಂಟೆ ಸುಮಾರಿಗೆ ಸೂರ್ಯ ಇಳಿದ. ಆಚೆ ಆರ್ಥರ್ಸ್ ಸೀಟ್ ಕಪ್ಪಗೆ ಕಾಣುತ್ತಿತ್ತು, ಬೆಳಿಗ್ಗೆ ನಾನು ನಿಂತಿದ್ದ ತುದಿ. ಕೆಳಗೆ ಒಂದೊಂದೇ ದೀಪ ಹತ್ತಿದವು. ನನ್ನ ರೂಮು ಯಾವ ಕಡೆ ಅಂತ ಬೆರಳು ತೋರಿಸಿ ಹೇಳುವಷ್ಟು ಊರು ಗೊತ್ತಾಗಿತ್ತು.

ಇನ್ನೆರಡು ಮಾತು. ನಿಮಗೆ 22 ತುಂಬಿಲ್ಲದಿದ್ದರೆ, ಸ್ಕಾಟ್ಲೆಂಡ್‌ನಲ್ಲಿ ವಾಸ ಇರುವವರಿಗೆ ಕೊಡುವ ಉಚಿತ ಬಸ್ ಕಾರ್ಡಿಗೆ ಈಗಲೇ ಅರ್ಜಿ ಹಾಕಿ. ನನಗೆ ಆಗಲೇ 23, ಸಿಗಲಿಲ್ಲ. ಮತ್ತೆ, ಶನಿವಾರ ಬೆಳಿಗ್ಗೆ ಮಳೆ ಇದ್ದರೆ ಗುಡ್ಡದ ಹುಲ್ಲು, ಬಂಡೆ ಎರಡೂ ಜಾರುತ್ತವೆ. ಹಾಗಾದರೆ ಮ್ಯೂಸಿಯಂನಿಂದ ಶುರು ಮಾಡಿ. ಮಳೆ ನಿಂತ ಮೇಲೆ ಕಾಲ್ಟನ್ ಹಿಲ್ ಹತ್ತಿ ಊರು ನೋಡಿ. ಅದು ಸಣ್ಣ ಗುಡ್ಡ, ಮೆಟ್ಟಿಲೂ ಇವೆ.