ವೋಲ್ಟೇಜ್, ಕರೆಂಟ್ ಗೊತ್ತಿದ್ರ ರೆಸಿಸ್ಟನ್ಸ್ ಮತ್ತ ಪವರ್ ಹೆಂಗ ಲೆಕ್ಕಾ ಹಾಕೂದು?

ವೋಲ್ಟೇಜನ್ನ ಕರೆಂಟಿಂದ ಭಾಗಿಸ್ರಿ, ರೆಸಿಸ್ಟನ್ಸ್ ಬರ್ತೈತಿ, ಓಮ್ ಲೆಕ್ಕದಾಗ. ಎರಡನ್ನೂ ಗುಣಿಸಿದ್ರ ಪವರ್, ಅದು ವ್ಯಾಟ್. ಇಷ್ಟ ರೀ.

ಗುಣಿಸೂದು ಯಾಕಂದ್ರ, ವೋಲ್ಟೇಜ್ ಅಂದ್ರ ಒಂದೊಂದು ಕೂಲಂಬ್ ಚಾರ್ಜು ಎಷ್ಟು ಜೌಲ್ ಶಕ್ತಿ ಕೊಡ್ತೈತಿ ಅನ್ನೂದು, ಆಂಪಿಯರ್ ಅಂದ್ರ ಸೆಕೆಂಡಿಗೆ ಎಷ್ಟು ಕೂಲಂಬ್ ಹರೀತಾವ ಅನ್ನೂದು, ಗುಣಿಸಿದ್ರ ಸೆಕೆಂಡಿಗೆ ಎಷ್ಟು ಜೌಲ್ ಅಂತ ಸಿಗ್ತೈತಿ, ಅದಕ್ಕ ವ್ಯಾಟ್ ಅಂತೀವಿ.

ಈಗ ನೀರು ಕಾಸೋ ಕಾಯಿಲ್ ತಗೋರಿ. 230 ವೋಲ್ಟಿಗೆ 6.5 ಆಂಪಿಯರ್ ಎಳದ್ರ ರೆಸಿಸ್ಟನ್ಸ್ ಸುಮಾರ 35 ಓಮ್, ಪವರ್ ಹತ್ರಹತ್ರ 1500 ವ್ಯಾಟ್. ಸಿಂದಗಿ ಕಡೆ ಒಂದು ಹಳ್ಳ್ಯಾಗ ಎಲ್ಲಾರ ಪಂಪೂ ಒಮ್ಮೆಲೆ ಚಾಲೂ ಆಗಿ ಲೈನ್ ಡಲ್ ಆತು, 180 ಕ್ಕ ಇಳೀತು ಅಂತ ತಿಳ್ಕೋರಿ, ಕಾಯಿಲಿನ ರೆಸಿಸ್ಟನ್ಸ್ ಹೆಚ್ಚುಕಮ್ಮಿ ಅಷ್ಟ ಇರ್ತೈತಿ, ಹಂಗಾಗಿ ಕರೆಂಟೂ 5.1 ಕ್ಕ ಬೀಳ್ತೈತಿ, ಪವರ್ ಸುಮಾರ 920 ವ್ಯಾಟ್ ಅಷ್ಟ! ವೋಲ್ಟೇಜ್ ಕಾಲುಭಾಗನೂ ಕಡಿಮಿ ಆಗಿಲ್ಲ, ಪವರ್ ಮಾತ್ರ 40% ಹೋತು, ಯಾಕಂದ್ರ ಗುಣಿಸೋ ಎರಡೂ ಅಂಕಿ ಇಳದಾವ.

ಬೋರ್‌ವೆಲ್ ಮೋಟರಿಗೆ ಮಾತ್ರ ಈ ಲೆಕ್ಕಾ ಹಂಗಂಗ ಹಚ್ಚಬ್ಯಾಡ್ರಿ, ಅಲ್ಲಿ ಪವರ್ ಫ್ಯಾಕ್ಟರ್ (ವೋಲ್ಟೇಜ್, ಕರೆಂಟ್ ಗುಣಿಸಿದ್ದರಾಗ ನಿಜವಾದ ಪವರ್ ಆಗೋ ಪಾಲು) ಅನ್ನೂದೊಂದು ನಡುವ ಬರ್ತೈತಿ, ಮತ್ತ ವೋಲ್ಟೇಜ್ ಇಳದ್ರ ಮೋಟರ್ ಕರೆಂಟ್ ಕಡಿಮಿ ಅಲ್ಲ, ಸಾಮಾನ್ಯವಾಗಿ ಜಾಸ್ತಿನ ಎಳೀತೈತಿ.