ಬಾಗಿಲು ಹಾಕಿದ ಕೋಣೆಗೆ ಮರಳುವುದು ಬೇಡ, ಮೇಷ್ಟ್ರೇ

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಪತ್ರದ ಸಾರ ಇಷ್ಟು: "ಅಮೆರಿಕದವರು ಅಧ್ಯಕ್ಷ ಹುದ್ದೆಗೆ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವುದಕ್ಕೇ ಒಂದೂವರೆ ವರ್ಷ ಕಳೆಯುತ್ತಾರೆ. ರಾಜ್ಯ ರಾಜ್ಯದಲ್ಲೂ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಹೇಳುವ ಚುನಾವಣೆ), ಕಾಕಸ್ (ಅದಕ್ಕಾಗಿಯೇ ನೆರೆಹೊರೆಯವರು ಸೇರುವ ಸಭೆ), ಜಾಹೀರಾತು. ದುಡ್ಡು ನೀರಿನ ಹಾಗೆ ಹರಿಯುತ್ತದೆ. ಹಿಂದೆ ಪಕ್ಷದ ಹಿರಿಯರೇ ಕೂತು ಲಿಂಕನ್‌ನಂಥವರನ್ನು ಆರಿಸಲಿಲ್ಲವೇ? ಈಗ ಗದ್ದಲ ಮಾಡುವವರಿಗೇ ಗೆಲುವು. ಇದನ್ನು ನೀವು ಯಾಕೆ ಹೊಗಳುತ್ತೀರಿ?"

ಮೇಷ್ಟ್ರೇ, ನೀವು ಲಿಂಕನ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ.

1860ರ ಮೇ ತಿಂಗಳು. ಷಿಕಾಗೊದಲ್ಲಿ ಅಭ್ಯರ್ಥಿಯನ್ನು ಆರಿಸುವ ರಿಪಬ್ಲಿಕನ್ ಪಕ್ಷದ ಅಧಿವೇಶನ. ಮೊದಲ ಸುತ್ತಿನಲ್ಲಿ ಮುಂದಿದ್ದವರು ನ್ಯೂಯಾರ್ಕಿನ ವಿಲಿಯಂ ಸೂವರ್ಡ್. ಮೂರನೇ ಸುತ್ತಿಗೆ ಲಿಂಕನ್ ಗೆದ್ದರು. ತನ್ನ ಹೆಸರಿನಲ್ಲಿ ಯಾರಿಗೂ ಮಾತು ಕೊಡಬೇಡಿ ಅಂತ ಲಿಂಕನ್ ಮೊದಲೇ ಹೇಳಿ ಕಳಿಸಿದ್ದರು. ಆದರೂ ಎರಡನೇ ಸುತ್ತಿನಲ್ಲಿ ಪೆನ್ಸಿಲ್ವೇನಿಯಾದ ಸೈಮನ್ ಕ್ಯಾಮರಾನ್ ಕಡೆಯ ಮತಗಳು ಅವರಿಗೆ ಬಂದವು. ಆಮೇಲೆ ಅದೇ ಕ್ಯಾಮರಾನ್ ಯುದ್ಧ ಖಾತೆಯ ಸಚಿವರಾದರು. ದೇಶ ಅಂತರ್ಯುದ್ಧದಲ್ಲಿ ಮುಳುಗಿದ್ದಾಗ ಸೇನೆಯ ಖರೀದಿಯಲ್ಲಿ ಭ್ರಷ್ಟಾಚಾರದ ಆರೋಪ ಬಂತು. ವರ್ಷ ತುಂಬುವ ಮೊದಲೇ ಜಾಗ ಬಿಟ್ಟರು. ಹಿರಿಯರು ಮಾಡಿದ ಅತ್ಯುತ್ತಮ ಆಯ್ಕೆಯ ಕತೆಯೇ ಹೀಗಿದೆ ನೋಡಿ.

ಉಳಿದ ಆಯ್ಕೆಗಳನ್ನು ಕೇಳಿ. 1920ರಲ್ಲಿ ಅದೇ ಷಿಕಾಗೊದ ಬ್ಲ್ಯಾಕ್‌ಸ್ಟೋನ್ ಹೋಟೆಲಿನ ಕೋಣೆಯಲ್ಲಿ ಸಿಗಾರ್ ಹೊಗೆಯ ನಡುವೆ ಹಿರಿಯರು ರಾತ್ರಿಯೆಲ್ಲ ಮಾತಾಡಿದರು. ಮರುದಿನ ಹತ್ತನೇ ಸುತ್ತಿನಲ್ಲಿ ವಾರನ್ ಹಾರ್ಡಿಂಗ್ ಅಭ್ಯರ್ಥಿಯಾದರು. ಅವರ ಸಂಪುಟದ ಆಲ್ಬರ್ಟ್ ಫಾಲ್ ತೈಲ ನಿಕ್ಷೇಪದ ಗುತ್ತಿಗೆಯಲ್ಲಿ ಲಂಚ ತಿಂದು ಜೈಲಿಗೆ ಹೋದರು. 1924ರಲ್ಲಿ ಎದುರು ಪಕ್ಷದ ಡೆಮಾಕ್ರಟರು ಅಭ್ಯರ್ಥಿ ಆರಿಸಲು ನ್ಯೂಯಾರ್ಕಿನಲ್ಲಿ ಎರಡು ವಾರಕ್ಕೂ ಜಾಸ್ತಿ ಕೂತರು. ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮ ಇತ್ತು. 103 ಸುತ್ತು ಮತದಾನ ನಡೆಯಿತು! ಕೊನೆಗೆ ಸುಸ್ತಾಗಿ ಜಾನ್ ಡೇವಿಸ್ ಹೆಸರಿಗೆ ಒಪ್ಪಿದರು. ಡೇವಿಸ್ ಹೀನಾಯವಾಗಿ ಸೋತರು.

ಇಷ್ಟಾದರೂ ಆ ಪದ್ಧತಿ ಸಾಯಲಿಲ್ಲ. ಅದು ಸತ್ತದ್ದು 1968ರಲ್ಲಿ. ವಿಯೆಟ್ನಾಂ ಯುದ್ಧದ ವಿರುದ್ಧ ಯುವಕರು ಊರೂರು ತಿರುಗಿ ಡೆಮಾಕ್ರಟ್ ಸೆನೆಟರ್ ಯೂಜೀನ್ ಮೆಕಾರ್ಥಿ ಪರ ಮತ ಕೇಳಿದರು. ಅದೇ ಪಕ್ಷದ ಹಾಲಿ ಅಧ್ಯಕ್ಷ ಜಾನ್ಸನ್ ಕಣದಿಂದ ಹಿಂದೆ ಸರಿದರು. ಇನ್ನೊಬ್ಬ ಸ್ಪರ್ಧಿ ರಾಬರ್ಟ್ ಕೆನಡಿ ಕ್ಯಾಲಿಫೋರ್ನಿಯಾ ಪ್ರೈಮರಿ ಗೆದ್ದ ರಾತ್ರಿಯೇ ಅವರ ಮೇಲೆ ಗುಂಡು ಹಾರಿತು. ಇಷ್ಟೆಲ್ಲ ಆದ ಮೇಲೆ ಅಭ್ಯರ್ಥಿ ಆದವರು ಯಾರು? ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಅಧಿವೇಶನದ ಹೊರಗೆ ಪೊಲೀಸರು ಹುಡುಗರನ್ನು ಹೊಡೆಯುತ್ತಿದ್ದದ್ದನ್ನು ದೇಶವೇ ಟೀವಿಯಲ್ಲಿ ನೋಡಿತು. ಅದಾದ ಮೇಲೆ ಡೆಮಾಕ್ರಟರು ನಿಯಮ ಬದಲಿಸಿದರು, ರಿಪಬ್ಲಿಕನ್ನರೂ ಅದೇ ದಾರಿ ಹಿಡಿದರು. ಪ್ರೈಮರಿಗಳಿಗೆ ನಿಜವಾದ ಬೆಲೆ ಬಂದದ್ದು 1972ರಿಂದ.

ನಿಮ್ಮ ಆಕ್ಷೇಪ ಸುಳ್ಳಲ್ಲ. ಪ್ರೈಮರಿಗೆ ಬರುವ ಮತದಾರರು ಕಡಿಮೆ, ಬಂದವರಲ್ಲಿ ಕಟ್ಟಾ ಬೆಂಬಲಿಗರೇ ಹೆಚ್ಚು. ಹೊಸ ನಿಯಮ ರೂಪಿಸಿದ ಜಾರ್ಜ್ ಮೆಕ್‌ಗವರ್ನ್ ಅದೇ ನಿಯಮದಿಂದ ಅಭ್ಯರ್ಥಿಯಾಗಿ 49 ರಾಜ್ಯಗಳನ್ನು ಕಳೆದುಕೊಂಡರು. ಒಪ್ಪಿದೆ.

ಆದರೆ ಅಯೋವಾದ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. 2008ರ ಜನವರಿ 3. ಹೊರಗೆ ಕೊರೆಯುವ ಚಳಿ. ಶಾಲೆ, ಚರ್ಚುಗಳಲ್ಲಿ ಅಕ್ಕಪಕ್ಕದ ಮನೆಯವರೇ ಸೇರಿದ್ದಾರೆ. ಡೆಮಾಕ್ರಟರ ಕಾಕಸ್‌ನಲ್ಲಿ ಗುಟ್ಟಿನ ಮತ ಇರಲಿಲ್ಲ. ಒಬೊಮಾ ಬೇಕೆನ್ನುವವರು ಒಂದು ಮೂಲೆ, ಹಿಲರಿ ಬೇಕೆನ್ನುವವರು ಇನ್ನೊಂದು ಮೂಲೆ. ಸಾಮಾನ್ಯವಾಗಿ ಶೇ. 15ರಷ್ಟೂ ಜನ ಸೇರದ ಗುಂಪು ಚದುರಬೇಕು. ಆಗ ಉಳಿದವರೆಲ್ಲ ಅವರ ಸುತ್ತ ಬಂದು "ನಮ್ಮ ಕಡೆ ಬನ್ನಿ" ಅಂತ ಕರೆಯುತ್ತಾರೆ, ಕಾರಣ ಹೇಳುತ್ತಾರೆ, ವಾದ ಮಾಡುತ್ತಾರೆ. ರೈತ, ದಾದಿ, ಕಾಲೇಜು ಹುಡುಗಿ ಎಲ್ಲರೂ ಮುಖಾಮುಖಿ ನಿಂತು ದೇಶದ ಬಗ್ಗೆ ಮಾತಾಡುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರಿರುವ ಆ ರಾಜ್ಯ ಅಂದು ಒಬೊಮಾರನ್ನು ಮೊದಲ ಸ್ಥಾನಕ್ಕೆ ತಂದಿತು. ಕಪ್ಪು ವರ್ಣದವರನ್ನು ಬಿಳಿಯರು ಆರಿಸುತ್ತಾರಾ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಆ ಜನ.

ಇದಕ್ಕೂ ಮೊದಲು, 1960ರಲ್ಲಿ, ಕ್ಯಾಥೊಲಿಕರೊಬ್ಬರು ಗೆಲ್ಲುವುದು ಕಷ್ಟ ಅಂತ ಹಿರಿಯರು ಹಿಂದೆ ಮುಂದೆ ನೋಡುತ್ತಿದ್ದರು. ಪ್ರಾಟೆಸ್ಟೆಂಟರೇ ತುಂಬಿದ್ದ ವೆಸ್ಟ್ ವರ್ಜೀನಿಯಾದ ಪ್ರೈಮರಿಯಲ್ಲಿ ಜಾನ್ ಕೆನಡಿ ಗೆದ್ದು ಆ ಅನುಮಾನ ತೀರಿಸಿದರು. ಗಣಿ ಕಾರ್ಮಿಕರು ಹಿರಿಯರಿಗೆ ಪಾಠ ಹೇಳಿದರು ಅನ್ನಬಹುದು, ಅಲ್ವಾ?

ನ್ಯೂಜೆರ್ಸಿಯಲ್ಲಿರುವ ನನ್ನ ಗೆಳೆಯರೊಬ್ಬರದು ಬೇರೆ ದೂರು. ಅವರ ರಾಜ್ಯದ ಪ್ರೈಮರಿ ಸಾಮಾನ್ಯವಾಗಿ ಜೂನ್‌ನಲ್ಲಿ. "ನನ್ನ ಸರದಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ" ಅನ್ನುತ್ತಾರೆ. ನ್ಯಾಯವಾದ ಮಾತು. ಆದರೆ ಅದಕ್ಕೆ ಮದ್ದು ದಿನಾಂಕ ಬದಲಿಸುವುದು. 2024ರಲ್ಲಿ ಡೆಮಾಕ್ರಟರು ಅಯೋವಾವನ್ನು ಹಿಂದೆ ಸರಿಸಿ ಸೌತ್ ಕೆರೊಲಿನಾಗೆ ಮೊದಲ ಸರದಿ ಕೊಟ್ಟರಲ್ಲ, ಹಾಗೆ.

ಅದೇ 2024ರಲ್ಲಿ ಇನ್ನೊಂದು ಘಟನೆ ನನ್ನನ್ನು ಕಾಡಿತು. ಪ್ರೈಮರಿಗಳಲ್ಲಿ ಸುಮಾರು 1.4 ಕೋಟಿ ಮತ ಪಡೆದ ಬೈಡನ್ ಜುಲೈ 21ಕ್ಕೆ ಹಿಂದೆ ಸರಿದರು. ಕೆಲವೇ ದಿನಗಳಲ್ಲಿ ಡೆಲಿಗೇಟರು (ಅಭ್ಯರ್ಥಿಗೆ ಮತ ಹಾಕುವ ಪಕ್ಷದ ಪ್ರತಿನಿಧಿಗಳು) ಕಮಲಾ ಹ್ಯಾರಿಸ್‌ರನ್ನು ಅಭ್ಯರ್ಥಿ ಮಾಡಿದರು. ಸಮಯ ಇರಲಿಲ್ಲ, ನಿಜ. ಆದರೂ ಜನರನ್ನು ಕೇಳದೆ ಅಭ್ಯರ್ಥಿ ಬಂದರಲ್ಲ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ನಮ್ಮ ಚಾನೆಲ್‌ಗಳು ಕಮಲಾ ಅವರ ತಾಯಿಯ ತಂದೆಯ ಊರಾದ ತಮಿಳುನಾಡಿನ ತುಳಸೇಂದ್ರಪುರದ ಪೂಜೆ ತೋರಿಸಿದಷ್ಟು ಈ ಪ್ರಶ್ನೆಯನ್ನು ಚರ್ಚಿಸಿದ್ದು ನಾನು ಕಾಣೆ.

ಅಮೆರಿಕದ ಪದ್ಧತಿಯಲ್ಲಿ ನೀವು ಸಿಟ್ಟಾಗಲೇಬೇಕಾದ ಜಾಗ ಬೇರೆ ಇದೆ. ಅದು ಎಲೆಕ್ಟೊರಲ್ ಕಾಲೇಜ್, ಅಂದರೆ ರಾಜ್ಯಗಳಿಗೆ ಹಂಚಿದ ಮತಗಳಿಂದ ಅಧ್ಯಕ್ಷರನ್ನು ಆರಿಸುವ ಕ್ರಮ. ಒಟ್ಟು 538 ಮತ, ಗೆಲ್ಲಲು 270. ಬಹುತೇಕ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ಇಡೀ ರಾಜ್ಯ. 2000ದಲ್ಲಿ ಆಲ್ ಗೋರ್ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಪಡೆದು, ಫ್ಲಾರಿಡಾದ 537 ಮತಗಳಿಂದ ಸೋತರು. 2016ರಲ್ಲಿ ಹಿಲರಿ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಪಡೆದೂ ಸೋತರು. ಅದನ್ನು ತೆಗೆದುಹಾಕುವ ತಿದ್ದುಪಡಿ 1969ರಲ್ಲಿ ಕೆಳಮನೆಯಲ್ಲಿ 338–70ರಿಂದ ಪಾಸಾಗಿತ್ತು. ಸೆನೆಟ್‌ನಲ್ಲಿ ಕೆಲವರು ಮತಕ್ಕೇ ಬಿಡದೆ ಅಡ್ಡಗಾಲು ಹಾಕಿದರು. ನಿಮ್ಮ ಸಿಟ್ಟನ್ನು ಪ್ರೈಮರಿ ಮೇಲೆ ಸುಮ್ನೆ ಯಾಕೆ ಖರ್ಚು ಮಾಡುತ್ತೀರಿ?

ಹಿರಿಯರೇ ಆರಿಸಲಿ ಅನ್ನುವ ನಿಮ್ಮ ಆಸೆ ನಮ್ಮಲ್ಲಂತೂ ಪೂರ್ತಿ ಈಡೇರಿದೆ. ಪಟ್ಟಿ ದೆಹಲಿಯಲ್ಲಿ ತಯಾರಾಗುತ್ತದೆ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರರ ಒಳಗೆ ಬಿ ಫಾರಂ ತಲುಪಿದರೆ ಸಾಕು. ವರ್ಷಾನುಗಟ್ಟಲೆ ಬಾವುಟ ಕಟ್ಟಿದ ಕಾರ್ಯಕರ್ತನಿಗೆ ಅಭ್ಯರ್ಥಿ ಯಾರೆಂಬುದು ಟೀವಿ ನೋಡಿ ಗೊತ್ತಾಗುತ್ತದೆ. ಕಳೆದ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ ಟಿಕೆಟ್ ಯಾರಿಗೆ ಕೊಡಬೇಕು ಅಂತ ನಿಮ್ಮನ್ನಾಗಲಿ, ನಿಮ್ಮ ಬೀದಿಯ ಯಾರನ್ನಾಗಲಿ ಯಾವುದಾದರೂ ಪಕ್ಷ ಕೇಳಿತ್ತಾ, ಮೇಷ್ಟ್ರೇ? ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ