ಓದುಗರ ಪ್ರಶ್ನೆ, ನಮ್ಮ ಉತ್ತರ: ಆರ್‌ಸಿ ಕಾರು 200 ದಾಟಬೇಕಾದರೆ

ಆರ್‌ಸಿ ಕಾರನ್ನು, ಅಂದರೆ ರಿಮೋಟ್ ಕಾರನ್ನು, ನೇರ ದಾರಿಯಲ್ಲಿ ಆದಷ್ಟು ವೇಗವಾಗಿ ಓಡಿಸುವುದೇ ಗುರಿಯಾದ ಹವ್ಯಾಸಕ್ಕೆ ಸ್ಪೀಡ್ ರನ್ ಎನ್ನುತ್ತಾರೆ. ಅಮೆರಿಕದ ನಿಕ್ ಕೇಸ್ ಕಟ್ಟಿದ ‘ರೇಡಿಯೊ ಕಂಟ್ರೋಲ್ಡ್ ಬುಲೆಟ್’ 2014ರ ಅಕ್ಟೋಬರ್ 25ರಂದು ಯೂಟಾ ರಾಜ್ಯದ ಸೇಂಟ್ ಜಾರ್ಜ್‌ನಲ್ಲಿ ಗಂಟೆಗೆ 325.12 ಕಿ.ಮೀ. ಓಡಿ, ಬ್ಯಾಟರಿ ಕಾರುಗಳ ಗಿನ್ನೆಸ್ ದಾಖಲೆ ಬರೆಯಿತು. ಈ ಸಲ ಬಂದ ಪತ್ರಗಳೆಲ್ಲ ಇದೇ ಹವ್ಯಾಸದವು. ಕೇಳಿದ್ದು ಹೆಚ್ಚಾಗಿ ಮೋಟಾರಿನ ಬಗ್ಗೆ. ನಮ್ಮ ಉತ್ತರ ಮಾತ್ರ ಗಾಳಿ ಮತ್ತು ಟೈರಿನ ಕಡೆಗೇ ಹೆಚ್ಚು ವಾಲಿದೆ.

ನನ್ನದು 1/7 ಅಳತೆಯ ಕಾರು, 6ಎಸ್ ಲಿಪೊ (ಆರು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಬ್ಯಾಟರಿ), 1650 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 1650 ಸುತ್ತು) ಮೋಟಾರ್. 130 ಕಿ.ಮೀ. ವೇಗ ಬರುತ್ತಿದೆ. ಇನ್ನೂ ದೊಡ್ಡ ಮೋಟಾರ್ ಹಾಕಿದರೆ 200 ಬರುತ್ತದೆಯೇ? (ಓದುಗರು, ತುಮಕೂರು)

ಮೋಟಾರಿಗೆ ದುಡ್ಡು ಹಾಕುವ ಮುಂಚೆ ಒಂದು ಲೆಕ್ಕ ಮಾಡಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ನಿಮ್ಮ ಕಾರಿನ ಮುಂಭಾಗದ ವಿಸ್ತೀರ್ಣ ಸುಮಾರು 0.03 ಚದರ ಮೀಟರ್, ತಡೆಯ ಗುಣಾಂಕ 0.4 ಎಂದು ಹಿಡಿದರೆ 130ರಲ್ಲಿ ಗಾಳಿಗೆ ಹೋಗುವುದು ಸುಮಾರು 340 ವಾಟ್, 200ರಲ್ಲಿ 1,235 ವಾಟ್, 320ರಲ್ಲಿ 5,000 ವಾಟ್. ಗೇರು, ಬೇರಿಂಗು, ಟೈರುಗಳ ನಷ್ಟ ಮತ್ತು ವೇಗ ಹೆಚ್ಚಿಸಲು ಬೇಕಾದ ಶಕ್ತಿ ಇದಕ್ಕೆ ಸೇರುತ್ತವೆ. ಹಾಗಿದ್ದರೂ 200ಕ್ಕೆ ಬೇಕಾದ ಕಸುವು ಈ ಗಾತ್ರದ ಒಳ್ಳೆಯ ಮೋಟಾರಿನಲ್ಲಿ ಈಗಲೇ ಇರುತ್ತದೆ. ಕಾರನ್ನು ಕಟ್ಟಿಹಾಕಿರುವುದು ಗೇರು.

6ಎಸ್ ಎಂದರೆ 22.2 ವೋಲ್ಟ್. ಅದನ್ನು 1650ರಿಂದ ಗುಣಿಸಿದರೆ ನಿಮಿಷಕ್ಕೆ 36,630 ಸುತ್ತು. 100 ಮಿ.ಮೀ. ವ್ಯಾಸದ ಟೈರು ಒಂದು ಸುತ್ತಿಗೆ 31.4 ಸೆಂ.ಮೀ. ಸಾಗುತ್ತದೆ. ಒಟ್ಟು ಗೇರ್ ಅನುಪಾತ 4.5 ಇದ್ದರೆ, ಅಂದರೆ ಮೋಟಾರ್ 4.5 ಸುತ್ತಿದಾಗ ಚಕ್ರ ಒಂದು ಸುತ್ತಿದರೆ, ಕಾಗದದ ಮೇಲಿನ ವೇಗ 153. ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುವುದರಿಂದ ಅದರ ಶೇ 80–85ರಷ್ಟು ಮಾತ್ರ ದಾರಿಯಲ್ಲಿ ಸಿಗುತ್ತದೆ. ನಿಮ್ಮ 130 ಬಂದದ್ದು ಹೀಗೆ. ನಿಜವಾದ 200 ಬೇಕಾದರೆ ಕಾಗದದಲ್ಲಿ 240 ಇರಬೇಕು, ಅಂದರೆ ಅನುಪಾತ 2.9ಕ್ಕೆ ಇಳಿಯಬೇಕು. ಅಷ್ಟು ಕಡಿಮೆ ಅನುಪಾತದಲ್ಲಿ 6ಎಸ್‌ನಿಂದ ವಿಪರೀತ ಕರೆಂಟ್ ಎಳೆದು ಮೋಟಾರ್ ಬಿಸಿಯೇರುತ್ತದೆ. 8ಎಸ್‌ಗೆ ಹೋದರೆ 3.8ರ ಅನುಪಾತ ಸಾಕು. ಆದರೆ ಮೋಟಾರ್ ಮತ್ತು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಎರಡೂ 8ಎಸ್ ತಾಳುವಂಥವಾಗಿರಬೇಕು, 48,840 ಸುತ್ತು ಮೋಟಾರಿನ ಮಿತಿಯೊಳಗಿರಬೇಕು. ಪಿನಿಯನ್ ಅನ್ನು (ಮೋಟಾರಿನ ದಂಡದ ಮೇಲಿನ ಚಿಕ್ಕ ಗೇರು) ಒಂದೊಂದು, ಎರಡೆರಡು ಹಲ್ಲಿನಂತೆ ಏರಿಸಿ, ಪ್ರತಿ ಓಟದ ನಂತರ ಮೋಟಾರಿನ ಬಿಸಿ ಅಳೆಯಿರಿ. 80 ಡಿಗ್ರಿ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ, ಬಾಡಿಯ ಕೆಲಸ ಶುರು ಮಾಡಿ.

160 ದಾಟುತ್ತಿದ್ದಂತೆ ಕಾರಿನ ಮೂತಿ ಎದ್ದು ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಹಿಂದಿನ ರೆಕ್ಕೆ ದೊಡ್ಡದು ಮಾಡಿದೆ, ಇನ್ನೂ ಹೆಚ್ಚಾಯಿತು. ಏಕೆ? (ಓದುಗರು, ಉಡುಪಿ)

ಹಿಂದಿನ ರೆಕ್ಕೆ ಹಿಂದಿನ ಆಕ್ಸಲಿಗಿಂತಲೂ ಆಚೆ ಚಾಚಿಕೊಂಡಿರುತ್ತದೆ. ಅಲ್ಲಿ ಬಿದ್ದ ಒತ್ತಡ ಹಿಂದಿನ ಚಕ್ರವನ್ನು ಒತ್ತುವುದರ ಜೊತೆಗೆ, ಅದೇ ಆಕ್ಸಲಿನ ಮೇಲೆ ಸನ್ನೆಗೋಲಾಗಿ ಮುಂದಿನ ತೂಕವನ್ನು ಎತ್ತುತ್ತದೆ. ನಿಮ್ಮ ಕಾರಿಗೆ ಆದದ್ದು ಅದೇ.

ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾರು ಮುರಿಯುವುದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. 60 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಕಾರನ್ನು ಮೇಲಿಂದ ನೋಡಿದರೆ 0.17 ಚದರ ಮೀಟರ್. 200ರ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 1,850 ಪಾಸ್ಕಲ್. ಮೇಲೆತ್ತುವ ಗುಣಾಂಕ ಬರೀ 0.15 ಇದ್ದರೂ 47 ನ್ಯೂಟನ್ ಬಲ ಹುಟ್ಟುತ್ತದೆ. 5 ಕಿಲೋ ಕಾರಿನ ತೂಕ 49 ನ್ಯೂಟನ್. ಅಂದರೆ ಕಾರು ಹೆಚ್ಚುಕಡಿಮೆ ನೆಲ ಬಿಟ್ಟಂತೆಯೇ. ಮೂತಿ ಮೂರ್ನಾಲ್ಕು ಮಿ.ಮೀ. ಎದ್ದರೆ ಸಾಕು, ಅಡಿಗೆ ನುಗ್ಗುವ ಗಾಳಿ ಹೆಚ್ಚುತ್ತದೆ, ಗಾಳಿ ಹೆಚ್ಚಿದಷ್ಟೂ ಮೂತಿ ಇನ್ನೂ ಏಳುತ್ತದೆ. ಅಲ್ಲಿಂದ ಮುಂದೆ ನೀವು ಏನು ಮಾಡುವಷ್ಟೂ ಸಮಯ ಇರುವುದಿಲ್ಲ.

ಮೊದಲು ಸಸ್ಪೆನ್ಷನ್ ನೋಡಿ. ಥ್ರಾಟಲ್ ಒತ್ತಿದಾಗ ತೂಕ ಹಿಂದಕ್ಕೆ ಸರಿದು ಹಿಂಭಾಗ ಕುಸಿಯಬಾರದು, ಮುಂಭಾಗ ಏಳಬಾರದು. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿ. ಮುಂದಿನ ಡ್ರೂಪ್ ಸ್ಕ್ರೂಗಳನ್ನು (ಚಕ್ರ ಜೋತುಬೀಳುವ ಮಿತಿ ಕಟ್ಟುವ ಸ್ಕ್ರೂಗಳು) ಬಿಗಿಮಾಡಿ, ಮುಂಭಾಗ ನಿಂತ ಎತ್ತರಕ್ಕಿಂತ ಒಂದೆರಡು ಮಿ.ಮೀ.ಗಿಂತ ಮೇಲೆ ಏಳದಂತೆ ಮಾಡಿ. ಚಾಸಿ ಹಿಂದಕ್ಕಿಂತ ಮುಂದೆ 2–3 ಮಿ.ಮೀ. ತಗ್ಗಿರಲಿ. ದಾರಿ ನಯವಾಗಿದ್ದರೆ ಸ್ಪ್ಲಿಟರ್ (ಮೂತಿಯ ಕೆಳಗೆ ಮುಂದಕ್ಕೆ ಚಾಚಿದ ಚಪ್ಪಟೆ ಹಲಗೆ) ನೆಲದಿಂದ 5–6 ಮಿ.ಮೀ.

ಇನ್ನು ಸ್ಪ್ಲಿಟರ್. ಅದನ್ನು ಬಾಡಿಗೆ ಅಂಟಿಸುವುದು ದೊಡ್ಡ ತಪ್ಪು, 2 ಮಿ.ಮೀ. ಕಾರ್ಬನ್ ಹಲಗೆಯನ್ನು ಚಾಸಿಗೇ ನಾಲ್ಕು ಕಡೆ ಸ್ಕ್ರೂ ಹಾಕಿ ಕೂರಿಸಬೇಕು. ತುದಿಯನ್ನು ಬೆರಳಿನಿಂದ ಜೋರಾಗಿ ಎತ್ತಿ ನೋಡಿ, ಬಾಗಿದರೆ ಓಡಿಸಬೇಡಿ. ಅಂಗಡಿಯಲ್ಲಿ ಸಿಗುವ ಲೆಕ್ಸಾನ್ (ತೆಳು ಪಾಲಿಕಾರ್ಬನೇಟ್ ಪ್ಲಾಸ್ಟಿಕ್) ಬಾಡಿಯದೂ ಇದೇ ಕಥೆ. 200ರಲ್ಲಿ ಬಾನೆಟ್ಟಿನ ಅಂಗೈಯಗಲದ ಜಾಗ, ಅಂದರೆ 100 ಚದರ ಸೆಂ.ಮೀ. ಮೇಲೆ ಸುಮಾರು 1.9 ಕಿಲೋ ಭಾರ ಬೀಳಬಹುದು. ಬಾನೆಟ್ ತಗ್ಗಿ, ಕಿಟಕಿ ಉಬ್ಬಿ, ನೀವು ಕೊಂಡ ಆಕಾರವೇ ಉಳಿಯುವುದಿಲ್ಲ. ಒಳಗಡೆ ಗ್ಲಾಸ್‌ಫೈಬರ್ ಜಾಲಿ ಟೇಪನ್ನು ರಬ್ಬರಿನಂಥ ಅಂಟಿನಲ್ಲಿ ಕೂರಿಸಿ, ಬಾನೆಟ್ ಕೆಳಗೆ ಗಟ್ಟಿ ಫೋಮ್ ತುಂಡು ಆತು ನಿಲ್ಲುವಂತೆ ಕೊಡಿ.

ಮುಂದಿನ ಚಕ್ರದ ಗೂಡಿನಲ್ಲಿ ಸಿಕ್ಕಿಬಿದ್ದ ಗಾಳಿಯೂ ಬಾಡಿಯನ್ನು ಮೇಲಕ್ಕೆ ತಳ್ಳುತ್ತದೆ. ಗೂಡಿನ ಮೇಲ್ಭಾಗದಲ್ಲಿ, ಚಕ್ರದ ಹಿಂಬದಿಗೆ ಬರುವಂತೆ ಸೀಳುಕಿಂಡಿ ಬಿಡಿ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಅರ್ಧಕ್ಕಿಂತ ತುಸು ಹೆಚ್ಚು ತೂಕ ಮುಂದಿನ ಆಕ್ಸಲಿನ ಮೇಲಿರಲಿ. ರೆಕ್ಕೆಯನ್ನು ಚಿಕ್ಕದು ಮಾಡಿ, ಅದರ ಬದಲು ಹಿಂದೆ ಎರಡು ನೆಟ್ಟಗಿನ ಫಿನ್ ಹಾಕಿ. ಅಡ್ಡಗಾಳಿಗೆ ಕಾರಿನ ಬಾಲ ತಿರುಗದಂತೆ ಹಿಡಿಯುವುದು ಫಿನ್‌ಗಳೇ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಾವು ನಮ್ಮದೇ ಆಕಾರದ ಬಾಡಿಯನ್ನು ಗ್ಲಾಸ್‌ಫೈಬರಿನಲ್ಲಿ ಮಾಡಬೇಕೆಂದಿದ್ದೇವೆ. ಹಂತಗಳನ್ನು ತಿಳಿಸಿ. (ವಿದ್ಯಾರ್ಥಿಗಳು, ಹಾಸನ)

ಆಕಾರ: ಮೂತಿ ನೆಲಕ್ಕೆ ಹತ್ತಿರ, ಚಕ್ರಗಳು ಮುಚ್ಚಿರಲಿ, ಎತ್ತರ 110 ಮಿ.ಮೀ. ಮೀರದಿರಲಿ. ಛಾವಣಿಯಿಂದ ಬಾಲದ ಕಡೆ ಇಳಿಜಾರು 10–12 ಡಿಗ್ರಿಗಿಂತ ಕಡಿದಾದರೆ ಗಾಳಿ ಮೈಬಿಟ್ಟು ಹೋಗಿ ಹಿಂದೆ ಸುಳಿ ಏಳುತ್ತದೆ, ತಡೆ ಹೆಚ್ಚುತ್ತದೆ. ಬಾಲವನ್ನು ಚೂಪಾಗುವ ತನಕ ಎಳೆಯಬೇಕಿಲ್ಲ. ಸಣ್ಣದಾಗುತ್ತಾ ಬಂದಲ್ಲಿ ನೆಟ್ಟಗೆ ಕತ್ತರಿಸಿಬಿಡಿ.

ಎಕ್ಸ್‌ಪಿಎಸ್ ಫೋಮ್ (ಥರ್ಮೋಕೋಲಿನಂಥದ್ದೇ, ಆದರೆ ಗಟ್ಟಿ) ಹಲಗೆಗಳನ್ನು ಅಂಟಿಸಿ ಮಾದರಿ ಕೆತ್ತಿ. ಪ್ರತಿ 50 ಮಿ.ಮೀ.ಗೆ ಒಂದರಂತೆ ರಟ್ಟಿನ ಅಡ್ಡಕೊಯ್ತದ ಅಳತೆಪಟ್ಟಿ ಇಟ್ಟುಕೊಂಡರೆ ಎಡಬಲ ಒಂದೇ ಸಮ ಬರುತ್ತದೆ. ಮೇಲೆ ಎಪಾಕ್ಸಿಯಲ್ಲಿ ಒಂದು ಪದರ ತೆಳು ಗ್ಲಾಸ್‌ಫೈಬರ್ ಬಟ್ಟೆ ಹಾಕಿ ಮುಚ್ಚಿ. ಇಲ್ಲಿ ಪಾಲಿಯೆಸ್ಟರ್ ರೆಸಿನ್ ಅಥವಾ ಗ್ಯಾರೇಜಿನ ಕಾರ್ ಪುಟ್ಟಿ ನೇರವಾಗಿ ತಾಗಿದರೆ ಫೋಮ್ ಕರಗಿಹೋಗುತ್ತದೆ. ಎಪಾಕ್ಸಿ ಪದರ ಪೂರ್ತಿ ಒಣಗಿದ ಮೇಲೆ ಪುಟ್ಟಿ ಹಚ್ಚಬಹುದು. 120ರಿಂದ ಶುರುಮಾಡಿ 1000 ನಂಬರಿನ ವಾಟರ್ ಪೇಪರ್ ತನಕ ಉಜ್ಜಿ. ವ್ಯಾಕ್ಸ್ 5–6 ಸಲ, ನಡುವೆ ಆರಲು ಬಿಟ್ಟು. ಅದರ ಮೇಲೆ, ಅಚ್ಚು ಮಾದರಿಗೆ ಅಂಟದಂತೆ, ಪಿವಿಎ ಬಿಡುಗಡೆ ದ್ರವ.

ಹೆಣ್ಣಚ್ಚಿಗೆ (ಮಾದರಿಯ ಮೇಲೆ ತೆಗೆಯುವ ಟೊಳ್ಳು ಅಚ್ಚು) ಮೊದಲು ಜೆಲ್‌ಕೋಟ್ (ನಯವಾದ ಮೇಲ್ಮೈ ಕೊಡುವ ದಪ್ಪ ರೆಸಿನ್), ನಂತರ ಚದರ ಮೀಟರಿಗೆ 300 ಗ್ರಾಂ ತೂಕದ ಗ್ಲಾಸ್‌ಫೈಬರ್ ಮ್ಯಾಟ್ 4 ಪದರ. ಆ ಅಚ್ಚಿನೊಳಗೆ ಮಾಡುವ ಬಾಡಿಗೆ ಹೊರಗಡೆ 80 ಗ್ರಾಂ ಬಟ್ಟೆ ಒಂದು, ಒಳಗೆ 200 ಗ್ರಾಂ ಬಟ್ಟೆ ಎರಡು. ಬಾಡಿಯ ಮೇಲ್ಮೈ 0.35 ಚದರ ಮೀಟರ್ ಇದ್ದರೆ ಬಟ್ಟೆ 170 ಗ್ರಾಂ, ಅಷ್ಟೇ ತೂಕದ ಎಪಾಕ್ಸಿ, ಒಟ್ಟು 340–400 ಗ್ರಾಂ. 500 ದಾಟಿತೆಂದರೆ ರೆಸಿನ್ ಹೆಚ್ಚು ಸುರಿದಿದ್ದೀರಿ ಎಂದರ್ಥ.

ಎಪಾಕ್ಸಿಯನ್ನು ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಕಲಸಬೇಡಿ. ನಮ್ಮ ಬೇಸಿಗೆಯಲ್ಲಿ ಕಪ್ಪಿನಲ್ಲೇ ಕಾದು ಹೊಗೆಯಾಡಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ: ಒಣಗಿದ ಪದರದ ಮೇಲೆ ಮೇಣದಂಥ ಜಿಗುಟು ಕೂರುತ್ತದೆ. ಅದನ್ನು ನೀರಿನಲ್ಲಿ ತೊಳೆದು, ಉಜ್ಜಿ, ಆಮೇಲೆ ಮುಂದಿನ ಪದರ. ಇಲ್ಲದಿದ್ದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಚೂಪು ಮೂಲೆಗಳಲ್ಲಿ ಬಟ್ಟೆ ಕೂರದೆ ಗುಳ್ಳೆಯಾಗುವುದರಿಂದ ಎಲ್ಲ ಮೂಲೆಗೂ ಕನಿಷ್ಠ 3 ಮಿ.ಮೀ. ದುಂಡಗಿನ ತಿರುವು ಕೊಡಿ. ಚಕ್ರದ ಗೂಡಿನ ಅಂಚು ಒಳಮಡಚಿದ್ದರೆ ಬಾಡಿ ಅಚ್ಚಿನಿಂದ ಹೊರಬರುವುದೇ ಇಲ್ಲ. ಉಜ್ಜುವಾಗ ಎನ್95 ಮುಖಗವಸು, ಕಲಸುವಾಗ ನೈಟ್ರೈಲ್ ಕೈಗವಸು ಬೇಕೇ ಬೇಕು.

ಕಾರ್ಬನ್ ಬಟ್ಟೆಯಲ್ಲೇ ಮಾಡುವಿರಾದರೆ ಆಂಟೆನಾದ ತುದಿಯನ್ನು ಬಾಡಿಯಿಂದ ಹೊರಗೆ ತನ್ನಿ. ಕಾರ್ಬನ್ 2.4 ಗಿಗಾಹರ್ಟ್ಸ್ ಸಿಗ್ನಲನ್ನು ತಡೆಯುತ್ತದೆ, ಗ್ಲಾಸ್‌ಫೈಬರ್ ತಡೆಯುವುದಿಲ್ಲ.

ರಬ್ಬರ್ ಟೈರು ವೇಗದಲ್ಲಿ ಹಿಗ್ಗಿ ಬಾಡಿಗೆ ತಾಗಿ ಹರಿಯಿತು. ಮುಂದೇನು? (ಕನ್ನಡಿಗ ಓದುಗರು, ಆಸ್ಟಿನ್, ಟೆಕ್ಸಾಸ್)

100 ಮಿ.ಮೀ. ಟೈರು 200ರ ವೇಗದಲ್ಲಿ ನಿಮಿಷಕ್ಕೆ ಸುಮಾರು 10,600 ಸುತ್ತು ತಿರುಗುತ್ತದೆ. ಆಗ ಅಂಚಿನಲ್ಲಿರುವ 1 ಗ್ರಾಂ ರಬ್ಬರನ್ನು ಹೊರಕ್ಕೆ ಎಳೆಯುವ ಬಲ 6.3 ಕಿಲೋ ತೂಕಕ್ಕೆ ಸಮ. ಹಿಗ್ಗದಂತೆ ಹಿಡಿಯುವ ಪಟ್ಟಿ, ಅಂದರೆ ಬೆಲ್ಟ್, ಒಳಗೆ ಇಲ್ಲದ ರಬ್ಬರ್ ಇದನ್ನು ತಾಳುವುದಿಲ್ಲ. ಬೆಲ್ಟ್ ಇರುವ ಟೈರು ಒಂದು ಮಟ್ಟದ ತನಕ ನಡೆಯುತ್ತದೆ. ಅದರಾಚೆಗೆ ರಿಮ್ಮಿಗೆ ಅಂಟಿಸಿ ಲೇತಿನಂಥ ಯಂತ್ರದಲ್ಲಿ ದುಂಡಗೆ ಕೊರೆದ ಫೋಮ್ ಟೈರು. ನಾಲ್ಕರ ವ್ಯಾಸವೂ ಒಂದೇ ಇರಲಿ, ವ್ಯತ್ಯಾಸವಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಬ್ಯಾಲೆನ್ಸ್ ಮಾಡುವಾಗ ತೂಕವನ್ನು ರಿಮ್ಮಿನ ಒಳಮೈಗೆ ಎಪಾಕ್ಸಿಯಲ್ಲಿ ಕೂರಿಸಿ. ಬರೀ ಟೇಪಿನ ಅಂಟು ನಿಲ್ಲುವುದಿಲ್ಲ. ಅಂಟು ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟಿದ್ದರೂ ಆ ಟೈರು ಕಸಕ್ಕೆ.

ಫೋಮ್ ತಣ್ಣಗಿದ್ದರೆ, ದಾರಿಯಲ್ಲಿ ದೂಳಿದ್ದರೆ ಹಿಡಿತ ಸಿಗದು. ಓಡಿಸುವ ಪಟ್ಟಿಯನ್ನು ಮೊದಲು ಗುಡಿಸಿ.

ಬೆಂಗಳೂರಿನ ಹೊರವಲಯದ ಖಾಲಿ ರಸ್ತೆಯಲ್ಲಿ ಬೆಳಗಿನ ಜಾವ ಓಡಿಸಬಹುದೇ? ಎಷ್ಟು ಉದ್ದ ಬೇಕು? (ಓದುಗರು, ಯಲಹಂಕ)

ಸಾರ್ವಜನಿಕ ರಸ್ತೆ ಬೇಡವೇ ಬೇಡ. 5 ಕಿಲೋ ಕಾರು 160ರಲ್ಲಿ ಹೊತ್ತಿರುವ ಶಕ್ತಿ ಸುಮಾರು 4,900 ಜೂಲ್. 50 ಕಿಲೋ ಸಿಮೆಂಟ್ ಮೂಟೆ 10 ಮೀಟರ್ ಎತ್ತರದಿಂದ ಬಿದ್ದಷ್ಟು. ಹಾಲಿನವರೋ ನಾಯಿಯೋ ಅಡ್ಡ ಬಂದರೆ ಬ್ರೇಕ್ ಹಿಡಿಯುವ ನಿಮ್ಮ ಕಾಲು ಸೆಕೆಂಡಿನಲ್ಲಿ ಕಾರು 11 ಮೀಟರ್ ಹೋಗಿರುತ್ತದೆ. ಮಾಲೀಕರ ಲಿಖಿತ ಒಪ್ಪಿಗೆಯಿರುವ, ಎರಡೂ ತುದಿ ಮುಚ್ಚಬಹುದಾದ ಖಾಸಗಿ ಡಾಂಬರು ಪಟ್ಟಿಯನ್ನೇ ಹುಡುಕಿ. 160ಕ್ಕೆ ಏರಲು ಸುಮಾರು 200 ಮೀಟರ್, ನಿಲ್ಲಲು 200, ನಡುವೆ ಅಳತೆಗೆ 100, ಹೀಗೆ ಒಟ್ಟು 500 ಬೇಕು. 240ಕ್ಕೆ ಒಂದು ಕಿಲೋಮೀಟರ್. ನೋಡುವವರು ನಿಮ್ಮ ಬೆನ್ನ ಹಿಂದೆ ನಿಲ್ಲಲಿ, ಓಟದ ತುದಿಯಲ್ಲಿ ಯಾರೂ ಬೇಡ. ಸಿಗ್ನಲ್ ತಪ್ಪಿದರೆ ಥ್ರಾಟಲ್ ತಾನಾಗಿ ಹಗುರ ಬ್ರೇಕಿಗೆ ಬರುವಂತೆ ಫೇಲ್‌ಸೇಫ್ ಹೊಂದಿಸಿ, ಚಕ್ರ ಮೇಲೆತ್ತಿಟ್ಟು ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿ.

ಅಂದಹಾಗೆ, ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇ 8–9 ತೆಳು. ಗಾಳಿಯ ತಡೆಯೂ ಅಷ್ಟೇ ಕಡಿಮೆ.

ಇಎಸ್‌ಸಿ ಎರಡನೇ ಸಲ ಸುಟ್ಟಿತು. ಆಂಪ್ ರೇಟಿಂಗ್ ಸಾಕಷ್ಟಿತ್ತು. (ಓದುಗರು, ಕಲಬುರಗಿ)

ಬ್ಯಾಟರಿಯಿಂದ ಇಎಸ್‌ಸಿಗೆ ಬರುವ ವೈರು ಉದ್ದವಿದೆಯೇ ನೋಡಿ. ಆ ವೈರು ಉದ್ದವಾದಷ್ಟೂ ವೋಲ್ಟೇಜಿನ ಏರಿಳಿತ ಹೆಚ್ಚಿ ಕೆಪಾಸಿಟರ್ ಕಾದು ಸಿಡಿಯುತ್ತದೆ, ಅದರ ಹಿಂದೆಯೇ ಇಎಸ್‌ಸಿ. ಇಎಸ್‌ಸಿಯನ್ನು ಬ್ಯಾಟರಿಗೆ ಹತ್ತಿರ ತನ್ನಿ, ಬೇಕಿದ್ದರೆ ಮೋಟಾರಿನ ವೈರನ್ನು ಉದ್ದ ಮಾಡಿ. ಒಂದು ಕೆಪಾಸಿಟರ್ ಪ್ಯಾಕ್ ಸೇರಿಸಿ. ಒಳತಡೆ ಹೆಚ್ಚಿದ ಹಳೆಯ ಲಿಪೊ ಪ್ಯಾಕನ್ನು ವೇಗದ ಓಟಕ್ಕೆ ಬಳಸಬೇಡಿ. ಪಂಚ್ ಸೆಟ್ಟಿಂಗ್ (ಥ್ರಾಟಲ್ ಒತ್ತಿದಾಗ ಇಎಸ್‌ಸಿ ಮೋಟಾರಿಗೆ ಶಕ್ತಿ ಕೊಡುವ ಬಿರುಸು) ಅತಿ ಕಡಿಮೆಗೆ ಇಳಿಸಿ.

ಜಿಪಿಎಸ್ ಮೀಟರ್ 238 ತೋರಿಸಿತು, ನಂಬಬಹುದೇ? (ಓದುಗರು, ದಾವಣಗೆರೆ)

ಗರಿಷ್ಠ ಅಂಕಿಯೊಂದನ್ನೇ ನಂಬಬೇಡಿ, ಗ್ರಾಫ್ ನೋಡಿ. ನಿಜವಾದ ಓಟದಲ್ಲಿ ರೇಖೆ ನಯವಾಗಿ ಏರಿ, ತುದಿಯಲ್ಲಿ ತುಸು ಚಪ್ಪಟೆಯಾಗಿ ಇಳಿಯುತ್ತದೆ. ಒಂದೇ ಬಿಂದು ಸೂಜಿಯಂತೆ ಎದ್ದಿದ್ದರೆ ಅದು ಕಾರು ಪಲ್ಟಿಯಾದ ಅಥವಾ ಉಪಗ್ರಹ ತಪ್ಪಿದ ಕ್ಷಣ. ಸೆಕೆಂಡಿಗೆ 10 ಸಲ ಅಳೆಯುವ ಮೀಟರ್ ಇರಲಿ, ಅದು ಆಕಾಶ ಕಾಣುವಂತೆ ಕೂತಿರಲಿ, ಕಾರ್ಬನ್ನಿನ ಕೆಳಗೆ ಬೇಡ. ಸ್ವಿಚ್ ಹಾಕಿ ಸಾಕಷ್ಟು ಉಪಗ್ರಹ ಸಿಗುವ ತನಕ ಕಾಯಿರಿ. ಎದುರು ದಿಕ್ಕಿನಲ್ಲೂ ಒಮ್ಮೆ ಓಡಿಸಿ ಎರಡರ ಸರಾಸರಿ ಬರೆದುಕೊಂಡರೆ ಗಾಳಿ, ಇಳಿಜಾರುಗಳ ಲಾಭ ಹೆಚ್ಚುಕಡಿಮೆ ಕಳೆದುಹೋಗುತ್ತದೆ.